ಹಿಂದಿನ ಸೀಟಿನ್ಯಾಗ ಕುಂತು ಗಾಡಿ ನೋಡ್ರಿ

ಮಗ ಸಣ್ಣ ಸೆಡಾನ್ ತಗೋತೀನಿ ಅಂತಾನ. ನಾಕು ದಿನದಿಂದ ಅಪ್ಪ ಮಗಂದು ಒಂದ ಮಾತು: ಮೈಲೇಜ್ ಎಷ್ಟು, ಸ್ಕ್ರೀನ್ ಎಷ್ಟು ದೊಡ್ಡದು. ಅಡ್ವಾನ್ಸಿಗೆ ಮಾತ್ರ ನನ್ನ ಚೀಟಿ ರೊಕ್ಕ ಬೇಕು! ಹಿಂದ ಕೂಡೂರು ನಾವು ಅಕ್ಕಾರ, ನಮ್ಮನ್ನ ಯಾರರ ಕೇಳ್ಯಾರೇನು?

ಅದಕ್ಕ ಅತ್ತಿಯವರನ್ನ ಕರಕೊಂಡು ನಾನೂ ಶೋರೂಮಿಗೆ ಹೋದೆ. ಅಲ್ಲಿ ಹುಡುಗ ನನ್ನ ಕೈಯಾಗ ಬಣ್ಣದ ಕಾರ್ಡ್ ಕೊಟ್ಟ. ಹೆಂಗಸರು ಅಂದ್ರ ಬಣ್ಣ ಅಷ್ಟ. ನಾನು ಹಿಂದಿನ ಬಾಗಲಾ ತಗಿ ಅಂದೆ. ಮುಂದ ಮಗ ಸೀಟ್ ಸರಿಸಿ ಆರಾಮ ಕುಂತ, ಹಿಂದ ಅತ್ತಿಯವರ ಮಣಕಾಲು ಸೀಟಿಗೆ ಬಡೀತು. ಸೀಟೂ ತಗ್ಗು. ಇಳಿಸಾಕ ಇಬ್ರು ಕೈ ಹಿಡೀಬೇಕಾತು.

ಗಾಡಿ ಸುಮ್ಮನ ಗಿಡ್ಡ ಆಗಿಲ್ಲ. ನಾಕು ಮೀಟರ್ ಒಳಗಿನ ಸಣ್ಣ ಇಂಜಿನ್ ಗಾಡಿಗೆ ತೆರಿಗಿ ಕಮ್ಮಿ. ಅದಕ್ಕಂತನ 2012ರಾಗ ಸ್ವಿಫ್ಟ್ ಡಿಜೈರ್ ಹಿಂಭಾಗ ಗಿಡ್ಡ ಮಾಡಿ 3995 ಮಿಲಿಮೀಟರಿಗೆ ತಂದ್ರು. ಡಿಕ್ಕಿ 440 ಲೀಟರ್ ಇದ್ದದ್ದು 316 ಆತು. 2017ರ ಗಾಡಿಯಾಗ 378 ಆಗೇತಿ, ಅದನ್ನೂ ಹೇಳಬೇಕು.

ಸೆಡಾನ್ ಪೂರಾ ಕೆಟ್ಟದ್ದಂತಲ್ಲ. ಡಿಕ್ಕಿ ಬ್ಯಾರೆ ಇರ್ತೈತಿ, ಮೆಣಸಿನಕಾಯಿ ಚೀಲ ಹಾಕಿದ್ರ ಒಳಗ ಕುಂತವರು ಸೀನೂದಿಲ್ಲ. ಆದ್ರ ನಮ್ಮ ದಿನದ ಓಡಾಟ ಅಂದ್ರ ಹೊಸಪೇಟಿ ದವಾಖಾನಿ, ಕೊಪ್ಪಳ ಬಜಾರ, ಹುಣ್ಣಿವಿಗೆ ಹುಲಿಗಿ. ಐದು ಮಂದಿ, ಮ್ಯಾಲ ಜ್ವಾಳದ ಚೀಲ. ಖಾಲಿ ಗಾಡಿ ಒಬ್ಬನ ಹೊಡದು "ಮಸ್ತ್ ಐತಿ" ಅಂದ್ರ ಹೆಂಗ?

ಎಲ್ಲಾರೂ ಕುಂತು ಹಂಪ್ ದಾಟಿಸಿ ನೋಡೂತನಕ ರೊಕ್ಕ ಕೊಡೂದಿಲ್ಲ ಅಂದೀನಿ. ಐತ್ವಾರ ಮತ್ತ ಹೊಂಟೀವಿ. ಮೊದ್ಲು ಅತ್ತಿಯವ್ರು ಹತ್ತತಾರ.