ಬಸ್ಸಿನ ಮೊದಲ ಮೆಟ್ಟಿಲು

ದಾಬಸ್‌ಪೇಟೆಯಲ್ಲಿ ತುಮಕೂರಿನ ಕೆಂಪು ಬಸ್ಸು ನಿಂತಾಗ ಹೆಂಗಸರು ಹತ್ತುವುದನ್ನು ನೋಡಬೇಕು. ಒಂದು ಕೈಯಲ್ಲಿ ಸೀರೆಯ ನೆರಿಗೆ, ಇನ್ನೊಂದರಲ್ಲಿ ಕಂಬಿ. ಕಂಕುಳಲ್ಲಿ ಮಗುವಿದ್ದರೆ ನೆರಿಗೆ ಹಿಡಿಯಲು ಕೈಯೇ ಇಲ್ಲ. ಮೊದಲ ಮೆಟ್ಟಿಲೇ ಮೊಣಕಾಲಿಗೆ ಬರುತ್ತದೆ. ಇದನ್ನು ವಿನ್ಯಾಸ ಮಾಡಿದ ಮಹಾನುಭಾವರು ಪ್ಯಾಂಟು ತೊಟ್ಟು ಕೈಬೀಸಿಕೊಂಡು ಹತ್ತುವವರೇ ಇರಬೇಕು!

2023ರ ಜೂನ್ 11ರಿಂದ ಶಕ್ತಿ ಯೋಜನೆ ನಮಗೆ ಟಿಕೆಟ್ಟಿನ ಹಣ ಉಳಿಸಿತು. ಮೆಟ್ಟಿಲು ಮಾತ್ರ ಇಳಿಯಲಿಲ್ಲ. ತಗ್ಗಿನ ಮೆಟ್ಟಿಲು ಮಾಡಲು ಬಾರದೆ? ಬೆಂಗಳೂರಿನ ವೋಲ್ವೊ ಸಿಟಿ ಬಸ್ಸುಗಳಲ್ಲಿ ಅದಿದೆ. ಆದರೆ ಅವು ಎ.ಸಿ. ಬಸ್ಸುಗಳು, ಶಕ್ತಿ ಅಲ್ಲಿ ನಡೆಯದು. ಮಂಡಿನೋವಿನ ಅಜ್ಜಿಗೆ ಪುಕ್ಕಟೆ ಬಸ್ಸು ಎತ್ತರ, ತಗ್ಗಿನ ಬಸ್ಸು ದುಬಾರಿ.

ರಸ್ತೆ ಕೆಟ್ಟಿದೆ, ತಳ ತಾಗುತ್ತದೆ ಎನ್ನಬಹುದು ಇಂಜಿನಿಯರು. ತಳ ಎತ್ತರವೇ ಇರಲಿ. ಮಡಿಸುವ ಮೆಟ್ಟಿಲೊಂದನ್ನು ಕೆಳಗೆ ಜೋಡಿಸಬಾರದೆ? ನಕ್ಷೆಗೆ ಸಹಿ ಹಾಕುವ ಮುನ್ನ ಸೀರೆಯುಟ್ಟ ನಾಲ್ವರನ್ನು ಕರೆದು ಹತ್ತಿಸಿ ನೋಡಲಿ.