ಇಂಜಿನ್ ಒಬ್ಬರದು, ಬೋಗಿ ಇನ್ನೊಬ್ಬರದು



ಕಳೆದ ತಿಂಗಳು ಮಾಧವರಂ ಮಿಲ್ಕ್ ಕಾಲೊನಿಯಲ್ಲಿರುವ ಸ್ನೇಹಿತರೊಬ್ಬರ ಮನೆಗೆ ಹೋಗಿದ್ದೆ. ಹಜಾರದ ನೆಲದ ಮೇಲೆ ಮಾದರಿ ರೈಲಿನ ಹಳಿ ಹಾಸಿತ್ತು. ಪಕ್ಕದಲ್ಲಿ ಅವರ ಹದಿಮೂರು ವರ್ಷದ ಮಗ ಮುಖ ಊದಿಸಿಕೊಂಡು ಕೂತಿದ್ದ. ಇಂಜಿನ್ ಅಮೆರಿಕದಿಂದ ಸೋದರಮಾವ ತಂದದ್ದು. ಮೂರು ಬೋಗಿಗಳು ಲಂಡನ್ನಿನ ಚಿಕ್ಕಮ್ಮ ಕೊಟ್ಟದ್ದು. ಎರಡೂ ಒಂದೇ ಹಳಿಯ ಮೇಲೆ ಸರಾಗವಾಗಿ ಉರುಳುತ್ತವೆ, ಆದರೆ ಒಂದಕ್ಕೊಂದು ಸೇರುವುದಿಲ್ಲ. ಚಿಕ್ಕಮ್ಮ ತಪ್ಪು ಬೋಗಿ ಕೊಟ್ಟಿದ್ದಾರೆ ಎಂದು ಹುಡುಗ ತಮಿಳಿನಲ್ಲಿ ದೂರಿದ.

ಅವನ ತಾತ ಪೆರಂಬೂರಿನ ಇಂಟಿಗ್ರಲ್ ಕೋಚ್ ಫ್ಯಾಕ್ಟರಿಯಲ್ಲಿ ಫಿಟ್ಟರಾಗಿದ್ದು ನಿವೃತ್ತರಾದವರು. ತಾತ ಕನ್ನಡದಲ್ಲಿ ಕೇಳುವುದು, ಮೊಮ್ಮಗ ತಮಿಳಿನಲ್ಲಿ ಉತ್ತರಿಸುವುದು ಆ ಮನೆಯ ರೂಢಿ. ಮಾತು ಎರಡು ವಾಕ್ಯಕ್ಕೇ ಮುಗಿಯುತ್ತದೆ. ಅಂದು ಹಾಗಾಗಲಿಲ್ಲ.

"ಬೋಗಿ ತಪ್ಪಲ್ಲ ಮಗು, ಕೊಂಡಿ ಬೇರೆ," ಎಂದರು ತಾತ.

"ಕೊಂಡಿ ಅಂದ್ರೆ?"

ತಾತ ನೆಲದ ಮೇಲೆ ಕೂತು ತೋರಿಸಿದರು. ಇಂಜಿನ್ನಿನದು ಬೆರಳು ಮಡಚಿ ಕೈ ಹಿಡಿಯುವಂಥ ಕೊಂಡಿ. ಬೋಗಿಯದು ಅಡ್ಡಸರಳಿಗೆ ಸಿಕ್ಕಿಕೊಳ್ಳುವ ಕೊಕ್ಕೆ. "ನಿಜವಾದ ರೈಲಿನಲ್ಲೂ ಎಲ್ಲವೂ ಒಂದೇ ಕಡೆಯಿಂದ ಬರುವುದಿಲ್ಲ," ಎಂದರು.

ಅವರು ಹೇಳಿದ್ದು ನಿಜ. ಪೆರಂಬೂರಿನ ಕಾರ್ಖಾನೆ 1955ರ ಅಕ್ಟೋಬರ್ 2ರಂದು ಆರಂಭವಾದಾಗ ಬೋಗಿಯ ವಿನ್ಯಾಸ ಸ್ವಿಟ್ಜರ್ಲೆಂಡಿನದು. ಅದನ್ನು ದಶಕಗಳ ಕಾಲ ಎಳೆದ ಡೀಸೆಲ್ ಇಂಜಿನ್ನಿನ ವಿನ್ಯಾಸ ಅಮೆರಿಕದ ಆಲ್ಕೋ ಕಂಪನಿಯದು, ತಯಾರಾದದ್ದು ವಾರಾಣಸಿಯಲ್ಲಿ. 1984ರಿಂದ ಗಾಲಿಗಳು ನಮ್ಮ ಯಲಹಂಕದಿಂದಲೂ ಬಂದವು. ಇವೆಲ್ಲ ಕೂಡಿ ಓಡಿದ್ದು ಅಳತೆಗೆ ಎಲ್ಲರೂ ಒಪ್ಪಿದ್ದರಿಂದ. ನಮ್ಮ ಬ್ರಾಡ್‌ಗೇಜಿನಲ್ಲಿ ಬಫರಿನ ಎತ್ತರ ಹಳಿಯಿಂದ 1105 ಮಿ.ಮೀ. ಮೀರಬಾರದು, 1030ಕ್ಕಿಂತ ಇಳಿಯಬಾರದು. ಮುಂದೆ ಜರ್ಮನ್ ವಿನ್ಯಾಸದ ಎಲ್‌ಎಚ್‌ಬಿ ಬೋಗಿಗಳು ಬೇರೆ ಬಗೆಯ ಕೊಂಡಿಯೊಡನೆ ಬಂದಾಗ, ಎರಡು ಬಗೆಯ ಬೋಗಿಗೂ ಹೊಂದುವ ಕೊಂಡಿಯನ್ನು ಇಂಜಿನ್‌ಗಳಿಗೆ ಹಾಕಿದರು. ಹಳೆಯ ವಿನ್ಯಾಸದ ಕೊನೆಯ ಬೋಗಿ ಪೆರಂಬೂರಿನಿಂದ ಹೊರಬಂದದ್ದು 2018ರಲ್ಲಿ.

ಮಾದರಿ ರೈಲಿಗೂ ಇದೇ ನ್ಯಾಯ. ನಿಮ್ಮಲ್ಲಿ ಈ ಹವ್ಯಾಸದವರು ಕೊಳ್ಳುವ ಮುನ್ನ ನಾಲ್ಕು ವಿಷಯ ನೋಡಿ.

ಒಂದು, ಪ್ರಮಾಣ. ಅಮೆರಿಕದ ಎಚ್‌ಓ 1:87, ಬ್ರಿಟನ್ನಿನ ಓಓ 1:76. ಎರಡಕ್ಕೂ ಹಳಿಯ ಅಗಲ 16.5 ಮಿ.ಮೀ. ಆದ್ದರಿಂದ ಕೂಡಿ ಓಡುತ್ತವೆ, ಆದರೆ ಬ್ರಿಟಿಷ್ ಬೋಗಿ ಸುಮಾರು ಶೇಕಡಾ 14ರಷ್ಟು ದೊಡ್ಡ ಅಳತೆಯಲ್ಲಿ ಮಾಡಿದ್ದು. ಇದನ್ನು ತಿದ್ದಲಾಗದು, ಒಪ್ಪಿಕೊಳ್ಳಬೇಕು.

ಎರಡು, ವಿದ್ಯುತ್ತು. ಮಾರ್ಕ್ಲಿನ್ ಕಂಪನಿಯ ಎಚ್‌ಓ ಬೋಗಿಗಳಲ್ಲಿ ಸಾಮಾನ್ಯವಾಗಿ ಎಡಬಲ ಗಾಲಿಗಳ ನಡುವೆ ವಿದ್ಯುತ್ ತಡೆ ಇರುವುದಿಲ್ಲ. ಮಾಮೂಲಿ ಎರಡು ಹಳಿಯ ಮೇಲಿಟ್ಟರೆ ಶಾರ್ಟ್ ಆಗುತ್ತದೆ. ಗಾಲಿ ಬದಲಿಸಿಯೇ ಓಡಿಸಬೇಕು.

ಮೂರು, ತೂಕ. ಅಮೆರಿಕದ ಹವ್ಯಾಸಿಗಳ ಲೆಕ್ಕದಲ್ಲಿ ಎಚ್‌ಓ ಬೋಗಿಗೆ ಒಂದು ಔನ್ಸ್, ಜೊತೆಗೆ ಪ್ರತಿ ಅಂಗುಲ ಉದ್ದಕ್ಕೆ ಅರ್ಧ ಔನ್ಸ್. ಹತ್ತು ಅಂಗುಲದ ಬೋಗಿಗೆ ಸುಮಾರು 170 ಗ್ರಾಂ ಆಯಿತು. ಹಗುರವಾದರೆ ತಿರುವಿನಲ್ಲಿ ಹಳಿ ತಪ್ಪುತ್ತದೆ.

ನಾಲ್ಕು, ಕೊಂಡಿ. ಈಚಿನ ಹಲವು ಬೋಗಿಗಳಲ್ಲಿ ಕೊಂಡಿಯನ್ನು ನೆಮ್ 362 ಎಂಬ ಅಳತೆಯ ಪುಟ್ಟ ಗೂಡಿನಲ್ಲಿ ಸಿಕ್ಕಿಸಿರುತ್ತಾರೆ. ಎಳೆದು ತೆಗೆದು ಬೇರೆಯದನ್ನು ಹಾಕಬಹುದು. ಆ ಗೂಡಿಗೆ ಹೊಂದುವ ಅಮೆರಿಕನ್ ಕೊಂಡಿ ಮಾಡುವ ಕಂಪನಿಯ ಹೆಸರು ಕೇಡಿ! ಹೆಸರು ಕೇಳಿ ಹುಡುಗ ನಕ್ಕುಬಿಟ್ಟ. ಹೆಸರೇನೇ ಇರಲಿ, ಕೆಲಸ ಒಳ್ಳೆಯದು.

ಅಂಥ ಕೊಂಡಿ ನನ್ನ ಬಳಿ ಒಂದಿತ್ತು. ಮರುವಾರ ತಂದುಕೊಟ್ಟೆ. ಎಲ್ಲ ಬೋಗಿಗಳನ್ನೂ ಬದಲಿಸುವ ಅಗತ್ಯವಿರಲಿಲ್ಲ. ಮೊದಲನೆಯ ಬೋಗಿಯ ಮುಂಭಾಗಕ್ಕೆ ಮಾತ್ರ ಅಮೆರಿಕದ ಕೊಂಡಿ, ಹಿಂಭಾಗಕ್ಕೆ ಮೊದಲಿನದೇ. ತಾತನ ಕಣ್ಣು ಮಂಜು, ಹುಡುಗನ ಬೆರಳು ಚುರುಕು. ಒಬ್ಬರು ಹೇಳಿದರು, ಇನ್ನೊಬ್ಬನು ಸಿಕ್ಕಿಸಿದ. ಎರಡು ಕೊಂಡಿಯ ಎತ್ತರವೂ ಸಮನಾಗಿದೆಯೇ ಎಂದು ನೇರ ಹಳಿಯ ಮೇಲೆ ನೋಡಿದರು. ಇಂಜಿನ್ ಹಿಂದೆ ಸರಿಯಿತು, ಟಕ್ ಎಂದಿತು.

"ಕೊಂಡಿ ಹಿಡ್ಕೊಂಡ್ತು ತಾತ!"

ತಾತ ನನ್ನ ಕಡೆ ನೋಡಿದರು, ಏನೂ ಹೇಳಲಿಲ್ಲ. ಮೊಮ್ಮಗ ಕೇಳದೆಯೇ ಕನ್ನಡದಲ್ಲಿ ಕೂಗಿದ್ದ.

ಮಿತ್ರರೇ, ನೀವೂ ಆ ಮೊದಲ ಬೋಗಿಯ ಹಾಗೆಯೇ. ಮುಂದಿನ ಕೊಂಡಿ ನೀವು ಹುಟ್ಟಿ ಬೆಳೆದ ಊರಿನದು, ಹಿಂದಿನದು ಮನೆಯದು. ಒಂದಕ್ಕಾಗಿ ಇನ್ನೊಂದನ್ನು ಕಿತ್ತೆಸೆಯಬೇಕಾಗಿಲ್ಲ. ನಿಮ್ಮ ಮನೆಯಲ್ಲೂ ಅಟ್ಟದ ಮೇಲೆ ಹೊಂದದ ರೈಲು ಇದ್ದರೆ ಕೆಳಗಿಳಿಸಿ, ತಾತನನ್ನೋ ಅಜ್ಜಿಯನ್ನೋ ಪಕ್ಕಕ್ಕೆ ಕೂರಿಸಿಕೊಳ್ಳಿ.

ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ.