ನಮ್ಮ ಬಾಲ್ಯಕ್ಕೆ ಹಿಂದಿ ಮಾತು ಕಲಿಸಿದವರು ಯಾರು?

ಹಳೆಯ ಟಿ.ವಿ.ಯ ನೆನಪು ಈಗ ದೊಡ್ಡ ವ್ಯಾಪಾರ. ಮೂವತ್ತರ ಆಸುಪಾಸಿನವರು ನಾಲ್ಕು ಜನ ಸೇರಿದರೆ ಸಾಕು, ಮಾತು ಡೊರೆಮಾನ್, ಶಿನ್‌ಚಾನ್, ಛೋಟಾ ಭೀಮ್ ಕಡೆ ಹೊರಳುತ್ತದೆ. ಆ ಕಾಲ ಎಷ್ಟು ಚೆನ್ನಾಗಿತ್ತು ಎಂದು ನಿಟ್ಟುಸಿರು ಬೇರೆ. ಆಗಲಿ, ತಪ್ಪೇನಿಲ್ಲ. ಆದರೆ ಕನ್ನಡ ಬಂಧುಗಳೇ, ಅವರು ಆ ಕಾರ್ಟೂನುಗಳ ಸಂಭಾಷಣೆ ಒಪ್ಪಿಸುವುದನ್ನು ಕಿವಿಗೊಟ್ಟು ಕೇಳಿದ್ದೀರಾ? ಮಂಡ್ಯದ ಹುಡುಗ, ದಾವಣಗೆರೆಯ ಹುಡುಗಿ ಒಪ್ಪಿಸುವುದು ಹಿಂದಿಯಲ್ಲಿ! ಕನ್ನಡದಲ್ಲಿ ಹೇಳಿ ಎಂದರೆ ಎಲ್ಲಿಂದ ಹೇಳಿಯಾರು? ಅವರು ನೋಡುವ ಹೊತ್ತಿಗೆ ಅದು ಕನ್ನಡದಲ್ಲಿ ಇರಲೇ ಇಲ್ಲವಲ್ಲ!

ಈ ಸಂಪಾದಕೀಯ ಬರೆಯುತ್ತಿರುವವನಿಗೂ ಇಪ್ಪತ್ತೆಂಟೇ. ಮನೆಯಲ್ಲಿ ಯಾರಿಗೂ ಹಿಂದಿ ಬಾರದು. ಶಾಲೆಯಲ್ಲಿ ಹಿಂದಿ ಪಾಠ ಶುರುವಾಗುವ ಮೊದಲೇ ಆ ನೀಲಿ ಬೆಕ್ಕಿನ ದಯೆಯಿಂದ ನನ್ನ ಬಾಯಲ್ಲಿ ಹಿಂದಿ ಅರಳು ಹುರಿದಂತೆ ಬರುತ್ತಿತ್ತು. ಅಪ್ಪ-ಅಮ್ಮನಿಗೆ ಹೆಮ್ಮೆಯೋ ಹೆಮ್ಮೆ. ಪಕ್ಕದಲ್ಲಿ ಕೂತ ಅಜ್ಜಿ ಮಾತ್ರ "ಏನಂತೋ ಆ ಬೆಕ್ಕು?" ಎಂದು ಕೇಳುತ್ತಿದ್ದರು. ಮೊದಮೊದಲು ಹೇಳುತ್ತಿದ್ದೆ. ಆಮೇಲೆ "ಸುಮ್ಮನಿರಜ್ಜಿ, ನಿಂಗೆ ಗೊತ್ತಾಗಲ್ಲ" ಎನ್ನತೊಡಗಿದೆ. ರಾಮಾಯಣವನ್ನು ಬಾಯಲ್ಲೇ ಇಟ್ಟುಕೊಂಡಿದ್ದ ಹೆಂಗಸು ಸ್ವಂತ ಮನೆಯ ನಡುಮನೆಯಲ್ಲಿ ಏನೂ ತಿಳಿಯದವಳಾಗಿ ಕೂರಬೇಕಾಯಿತು. ಹಿಂದಿ ಹೇರಿಕೆ ಎಂದರೆ ಬ್ಯಾಂಕಿನ ಚಲನ್, ರೈಲಿನ ಫಲಕ ಮಾತ್ರ ಎಂದುಕೊಂಡವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕನ್ನಡ ಟಿ.ವಿ. ಇರಲಿಲ್ಲವೇ? ಇತ್ತು. 1994ರಲ್ಲೇ ಉದಯ, 2000ದಲ್ಲಿ ಈಟಿವಿ ಕನ್ನಡ ಬಂದಿದ್ದವು. 'ಸಿಲ್ಲಿ ಲಲ್ಲಿ', 'ಪಾ ಪ ಪಾಂಡು' ನೋಡಿ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದೇವೆ. 'ಎದೆ ತುಂಬಿ ಹಾಡುವೆನು' ವೇದಿಕೆಯಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಪುಟ್ಟ ಮಕ್ಕಳನ್ನು ಅಕ್ಕರೆಯಿಂದ ತಿದ್ದುತ್ತಿದ್ದುದನ್ನು ಮರೆಯಲಾದೀತೇ? ಆದರೆ ಅವೆಲ್ಲ ಮನೆಮಂದಿಯೊಂದಿಗೆ ಕೂತು ನೋಡುವ ಸಂಜೆಯ ಸರಕು. ಶಾಲೆ ಬಿಟ್ಟು ಬಂದ ಮಗು ಒಂಟಿಯಾಗಿ ಕೂತು ನೋಡುವ ಹೊತ್ತಿಗೆ ಕನ್ನಡದಲ್ಲಿ ಹೆಚ್ಚೇನೂ ಇರಲಿಲ್ಲ. ಅಳುವುದು, ಬೈಯುವುದು, ಅತ್ತೆ-ಸೊಸೆ ಜಗಳವಾಡುವುದು ಕನ್ನಡದಲ್ಲಿ. ಕನಸು ಕಾಣುವುದು, ಆಕಾಶಕ್ಕೆ ಹಾರುವುದು ಹಿಂದಿಯಲ್ಲಿ! 2009ರಲ್ಲಿ ಚಿಂಟು ಟಿ.ವಿ. ಬಂತು. ಅಷ್ಟರಲ್ಲಿ ನಮಗೆ ಮೀಸೆ ಚಿಗುರುವ ಕಾಲ.

ಕನ್ನಡಕ್ಕೆ ತಂತ್ರಜ್ಞಾನ ಇರಲಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರವೇ ಇಲ್ಲದ 1975-76ರಲ್ಲಿ ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳ ಹಳ್ಳಿಗರು ಟಿ.ವಿ.ಯಲ್ಲಿ ಕನ್ನಡ ಕೇಳಿದ್ದರು. 'ಸೈಟ್' ಎಂಬ ಉಪಗ್ರಹ ಪ್ರಯೋಗ ಅದು. ಅಮೆರಿಕದ ಉಪಗ್ರಹ, ನಮ್ಮ ಇಸ್ರೋ ಉಸ್ತುವಾರಿ. ಒಂದೇ ಚಿತ್ರದ ಜೊತೆ ಎರಡು ಭಾಷೆಯ ಧ್ವನಿ ಕಳಿಸುವ ವ್ಯವಸ್ಥೆ ಅದರಲ್ಲಿತ್ತು. ಐವತ್ತು ವರ್ಷದ ಹಿಂದೆಯೇ ಆಗಿದ್ದು, ಮಕ್ಕಳ ಕಾರ್ಟೂನಿಗೆ ಯಾಕೆ ಆಗಲಿಲ್ಲ?

1982ರಲ್ಲಿ ದೆಹಲಿಯಿಂದ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು. ರಾಷ್ಟ್ರೀಯ ಎಂದರೆ ಹಿಂದಿ, ಜೊತೆಗೊಂದಿಷ್ಟು ಇಂಗ್ಲಿಷ್. ನಮ್ಮ ಅಣ್ಣಂದಿರು, ಅಕ್ಕಂದಿರು ಕಣ್ಣರಳಿಸಿ ನೋಡಿದ 'ಮಾಲ್ಗುಡಿ ಡೇಸ್' ಇದಕ್ಕೆ ಸಾಕ್ಷಿ. ಕಥೆ ಬರೆದವರು ಮೈಸೂರಿನಲ್ಲಿ ಬಾಳಿದ ಆರ್.ಕೆ. ನಾರಾಯಣ್. ನಿರ್ದೇಶನ ನಮ್ಮ ಶಂಕರ್‌ನಾಗ್. ಚಿತ್ರೀಕರಣ ಆಗುಂಬೆಯಲ್ಲಿ. ಸ್ವಾಮಿ ನಮ್ಮ ಮಾಸ್ಟರ್ ಮಂಜುನಾಥ್, ಅವನ ಅಪ್ಪ ಗಿರೀಶ್ ಕಾರ್ನಾಡ್. ಮಣ್ಣು ನಮ್ಮದು, ಮುಖಗಳು ನಮ್ಮವು. ಮಾತು? ಹಿಂದಿ! ಕನ್ನಡದ ಮನೆಗಳಲ್ಲಿ ಸ್ವಾಮಿ ಕನ್ನಡದಲ್ಲಿ ಮಾತಾಡಿದ್ದು 2020ರಲ್ಲಿ, ಜೀ ಕನ್ನಡ ಅದನ್ನು ಡಬ್ ಮಾಡಿ ತೋರಿಸಿದಾಗ. ಅದನ್ನು ಕೇಳಲು ಶಂಕರ್‌ನಾಗ್ ಇರಲಿಲ್ಲ. 1990ರಲ್ಲೇ ನಮ್ಮನ್ನು ಅಗಲಿದ್ದರು.

ದೆಹಲಿಯೊಂದನ್ನೇ ಬೈದು ಕೈ ತೊಳೆದುಕೊಳ್ಳಲೂ ಆಗದು. ಡಬ್ಬಿಂಗ್ ಬೇಡ ಎಂದು ನಾವೇ ಕದ ಹಾಕಿಕೊಂಡಿದ್ದೆವು. 1960ರ ದಶಕದಲ್ಲಿ ಅ.ನ.ಕೃ., ಮ. ರಾಮಮೂರ್ತಿ ಅಂಥ ಹಿರಿಯರು ಆ ಹೋರಾಟಕ್ಕಿಳಿದಾಗ ಕಾರಣವಿತ್ತು. ಕನ್ನಡ ಚಿತ್ರರಂಗ ಆಗಿನ್ನೂ ಮದರಾಸಿನ ಸ್ಟುಡಿಯೋಗಳ ಬಾಗಿಲಲ್ಲಿ ನಿಂತಿತ್ತು. ಡಬ್ಬಿಂಗ್ ಚಿತ್ರಗಳು ನುಗ್ಗಿದ್ದರೆ ನಮ್ಮ ಕಲಾವಿದರಿಗೆ, ತಂತ್ರಜ್ಞರಿಗೆ ಅನ್ನವಿಲ್ಲ. ಅವರ ಹೋರಾಟದ ಫಲವನ್ನು ಉಂಡವರು ನಾವು. ಆದರೆ ಆ ಬೇಲಿಯನ್ನು ಮಕ್ಕಳ ಟಿ.ವಿ.ಗೂ ಎಳೆದವರು ಯಾವ ಕಲಾವಿದನನ್ನು ಕಾಪಾಡಿದರು? ಜಪಾನಿನ ಬೆಕ್ಕು ಕನ್ನಡದಲ್ಲಿ ಮಾತಾಡಿದರೆ ಗಾಂಧಿನಗರದ ಯಾವ ನಾಯಕನ ಕೆಲಸ ಹೋಗುತ್ತಿತ್ತು? 2012ರಲ್ಲಿ ಆಮಿರ್ ಖಾನರ 'ಸತ್ಯಮೇವ ಜಯತೇ' ತಮಿಳು, ತೆಲುಗು, ಮಲಯಾಳಂನಲ್ಲಿ ಬಂತು, ಕನ್ನಡದಲ್ಲಿ ಬರಲಿಲ್ಲ. ಕನ್ನಡಿಗರು ಅದನ್ನು ನೋಡದೆ ಬಿಟ್ಟರೇ? ಹಿಂದಿಯಲ್ಲೇ ನೋಡಿದರು! ಈ ಡಬ್ಬಿಂಗ್ ನಿಷೇಧಕ್ಕೆ ಕಾನೂನಿನ ಆಧಾರವೂ ಇರಲಿಲ್ಲ. ಕನ್ನಡ ಗ್ರಾಹಕರ ಕೂಟ ದೂರು ಕೊಟ್ಟು, 2015ರಲ್ಲಿ ಸ್ಪರ್ಧಾ ಆಯೋಗ ಚಿತ್ರರಂಗದ ಸಂಸ್ಥೆಗಳಿಗೆ ದಂಡ ಹಾಕಿದ ಮೇಲೆಯೇ ಕದ ಸಡಿಲವಾಗತೊಡಗಿದ್ದು.

ಈಗ ನಮ್ಮ ವಯಸ್ಸಿನವರು ಅಪ್ಪ-ಅಮ್ಮ ಆಗುತ್ತಿದ್ದಾರೆ. ಮಗುವಿಗೆ ತುತ್ತು ತಿನ್ನಿಸಲು ಮೊಬೈಲು ಬೇಕು. ಅದರಲ್ಲಿ ಹಚ್ಚುವುದು ಯಾವುದನ್ನು? ತಾವು ನೋಡಿ ಬೆಳೆದ ಅದೇ ಹಿಂದಿ ಕಾರ್ಟೂನು! ಕನ್ನಡದಲ್ಲೂ ಇದೆಯಲ್ಲ ಎಂದರೆ, "ಕನ್ನಡದಲ್ಲಿ ಆ ಮಜಾ ಬರಲ್ಲ ಕಣ್ರೀ" ಎನ್ನುತ್ತಾರೆ. ಮಜಾ ಎಲ್ಲಿಂದ ಬಂದೀತು? ಅವರ ಕಿವಿಗೆ ಏಳನೇ ವಯಸ್ಸಿನಲ್ಲಿ ಬಿದ್ದದ್ದೇ ಬೇರೆ ಭಾಷೆ. ಮಗುವಿಗೆ ಆ ನೆನಪಿಲ್ಲ. ಯಾವ ಭಾಷೆಯಲ್ಲಿ ಮೊದಲು ಕೇಳಿತೋ ಅದೇ ಅದಕ್ಕೆ ಮಜಾ.

ವಾಹಿನಿಯವರದು ವ್ಯಾಪಾರ. ಕರ್ನಾಟಕದ ಮನೆಗಳಲ್ಲಿ ಹಿಂದಿ ಧ್ವನಿಯೇ ಓಡುತ್ತಿದ್ದರೆ ಕನ್ನಡ ಧ್ವನಿಗೆ ದುಡ್ಡು ಹಾಕುವ ಮೂರ್ಖರು ಅವರಲ್ಲ. ಆದ್ದರಿಂದ ರಿಮೋಟಿನಲ್ಲಿ ಭಾಷೆ ಬದಲಿಸುವ ಗುಂಡಿ ಎಲ್ಲಿದೆ ಎಂದು ಹುಡುಕಿ. ಮೊಬೈಲಿನಲ್ಲೂ ಹುಡುಕಿ. ಕನ್ನಡ ಇದ್ದರೆ ಅದನ್ನೇ ಹಚ್ಚಿ. ಇಲ್ಲದಿದ್ದರೆ ವಾಹಿನಿಯ ಗ್ರಾಹಕ ಸೇವೆಗೆ ಫೋನು ಮಾಡಿ, ಯಾಕಿಲ್ಲ ಎಂದು ಕೇಳಿ. ಕನ್ನಡದಲ್ಲೇ ಕೇಳಿ. ಅತ್ತ ಕಡೆಯಿಂದ ಹಿಂದಿಯಲ್ಲಿ ಉತ್ತರ ಬಂದರೆ ಫೋನು ಇಡಬೇಡಿ. ಕನ್ನಡ ಬಲ್ಲವರನ್ನು ಕರೆಸಿ ಎನ್ನಿ, ಅವರು ಬರುವವರೆಗೆ ಕಾಯಿರಿ.